ಮಲ್ಪೆಯ ಬೋಟು, ಎಸ್-ಬ್ಯಾಂಡ್ ಉಪಗ್ರಹ ಮತ್ತು ಸಿಗದೇ ಹೋದ ಕೊನೆಯ ಸ್ಥಾನ: ಒಂದು ಪ್ರಕರಣ ಅಧ್ಯಯನ

2018ರ ಡಿಸೆಂಬರ್ 13ರಂದು ಏಳು ಮಂದಿ ಮೀನುಗಾರರನ್ನು ಹೊತ್ತು ಮಲ್ಪೆ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಆಳಸಮುದ್ರ ಬೋಟು, 15ರ ರಾತ್ರಿಯ ನಂತರ ಯಾರ ಸಂಪರ್ಕಕ್ಕೂ ಸಿಗಲಿಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಮಲ್ಪೆಯಿಂದ ಮೆರವಣಿಗೆಯಲ್ಲಿ ಬಂದು ಉಡುಪಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ತಡೆದರು. ನೌಕಾಪಡೆ, ತಟರಕ್ಷಕ ಪಡೆ, ಕರಾವಳಿ ಕಾವಲು ಪೊಲೀಸರು ಹುಡುಕಿದರು. ಇಸ್ರೋದ ಉಪಗ್ರಹ ಚಿತ್ರಗಳ ಮೊರೆಯೂ ಹೋಗಲಾಯಿತು. ಏಪ್ರಿಲ್ 18ರಂದು ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನ ನಡೆದಾಗಲೂ ಬೋಟಿನ ಸುಳಿವಿರಲಿಲ್ಲ. ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ ಕರಾವಳಿಯಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ, ಅಂದರೆ ಹತ್ತಿರ ಹತ್ತಿರ 33 ಮಾರು ನೀರಿನಡಿ, ಅದರ ಅವಶೇಷ ಪತ್ತೆ ಮಾಡಿತು.

ಬೋಟು ಮುಳುಗಿದ್ದೇಕೆ ಎಂಬ ವಿವಾದ ಇಲ್ಲಿನ ವಿಷಯವಲ್ಲ. ಇಲ್ಲಿ ಕೈಗೆತ್ತಿಕೊಂಡಿರುವುದು ಅದಕ್ಕಿಂತ ಸಣ್ಣದಾದ, ಆದರೆ ಮುಂದಿನ ಬೋಟಿನ ಜೀವಗಳಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ: ಚಂದ್ರನ ಕಕ್ಷೆಗೆ ನೌಕೆ ಕಳಿಸಿದ್ದ, ಮಂಗಳನ ಸುತ್ತ ನೌಕೆ ಸುತ್ತಿಸುತ್ತಿದ್ದ ದೇಶಕ್ಕೆ ತನ್ನದೇ ಕರಾವಳಿಯಿಂದ 33 ಕಿ.ಮೀ. ದೂರದ ಬೋಟೊಂದು ಎಲ್ಲಿದೆ ಎಂದು ತಿಳಿಯಲು ನಾಲ್ಕೂವರೆ ತಿಂಗಳು ಏಕೆ ಬೇಕಾಯಿತು? ಹೆದ್ದಾರಿಯಲ್ಲಿ ಕುಳಿತ ಮೀನುಗಾರರ ಕೋಪದ ಹಿಂದೆ ಇದ್ದದ್ದೂ ಇದೇ ಪ್ರಶ್ನೆ. ಅದಕ್ಕೆ ಉತ್ತರ ಅರ್ಧ ಭೌತವಿಜ್ಞಾನದಲ್ಲಿದೆ, ಉಳಿದರ್ಧ ರಾಜಕೀಯದಲ್ಲಿ.

ಚಿತ್ರ ತೆಗೆಯುವ ಉಪಗ್ರಹದಿಂದ ಏಕೆ ಆಗಲಿಲ್ಲ

ಉಪಗ್ರಹ ಚಿತ್ರ ಎಂದಾಗ ಜನರ ಮನಸ್ಸಿಗೆ ಬರುವುದು ಇಡೀ ಸಮುದ್ರದ ಮೇಲೆ ಸದಾ ತೆರೆದಿರುವ ಕಣ್ಣು. ಅಂಥದ್ದು ಯಾವ ದೇಶದ ಬಳಿಯೂ ಇಲ್ಲ. 36,000 ಕಿ.ಮೀ. ಎತ್ತರದಲ್ಲಿ ನಿಂತು ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸುವ ಇನ್ಸಾಟ್-3ಡಿ ಮಾದರಿಯ ಹವಾಮಾನ ಉಪಗ್ರಹಕ್ಕೆ ಬೆಳಕಿನಲ್ಲಿ 1 ಕಿ.ಮೀ.ಗಿಂತ ಚಿಕ್ಕದ್ದು ಕಾಣದು, ರಾತ್ರಿಯ ಅವಕೆಂಪು ಚಿತ್ರದಲ್ಲಿ 4 ಕಿ.ಮೀ.ಗಿಂತ ಚಿಕ್ಕದ್ದು ಕಾಣದು. ಇಪ್ಪತ್ತು ಮೀಟರಿನ ಆಸುಪಾಸಿನ ಬೋಟು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇನ್ನೊಂದು ತುದಿಯಲ್ಲಿ ಕಾರ್ಟೋಸ್ಯಾಟ್-2 ಸರಣಿಯಿದೆ. ಒಂದು ಮೀಟರಿಗಿಂತ ಚಿಕ್ಕ ವಸ್ತುವನ್ನೂ ಅದು ಬಿಡಿಸಿ ತೋರಿಸುತ್ತದೆ, ಆದರೆ ಒಮ್ಮೆ ನೋಡುವ ಪಟ್ಟಿಯ ಅಗಲ ಸುಮಾರು 10 ಕಿ.ಮೀ. ಮಾತ್ರ. ಅದನ್ನು ಎತ್ತ ತಿರುಗಿಸಬೇಕೆಂದು ಮೊದಲೇ ಹೇಳಿರಬೇಕು. ಹಗಲಾಗಿರಬೇಕು, ಮೋಡವೂ ಇರಬಾರದು.

ರಾತ್ರಿಯಲ್ಲೂ ಮೋಡದಲ್ಲೂ ನೋಡಬಲ್ಲದ್ದು ರಾಡಾರ್ ಉಪಗ್ರಹ. ಭಾರತದ ಸಿ-ಬ್ಯಾಂಡ್ ರಾಡಾರ್ ಉಪಗ್ರಹ ರಿಸ್ಯಾಟ್-1 ಹಾರಿದ್ದು 2012ರಲ್ಲಿ. 2018ರ ಹೊತ್ತಿಗೆ ಅದರ ಸೇವೆ ಮುಗಿದಿತ್ತು. ಅದರ ಜಾಗ ತುಂಬಿದ ಇಒಎಸ್-04 ಮೇಲೇರಿದ್ದು 2022ರ ಫೆಬ್ರುವರಿಯಲ್ಲಿ. ನಡುವಿನ ಈ ಖಾಲಿ ವರ್ಷಗಳಲ್ಲೇ ಮಲ್ಪೆಯ ಘಟನೆ ಬಿತ್ತು. ಯುರೋಪಿನ ಸೆಂಟಿನೆಲ್-1 ಜೋಡಿಯ ದತ್ತಾಂಶ ಎಲ್ಲರಿಗೂ ಉಚಿತ. ಅದು 250 ಕಿ.ಮೀ. ಅಗಲದ ಪಟ್ಟಿಯನ್ನು 5 ಮೀಟರ್ × 20 ಮೀಟರ್ ಸೂಕ್ಷ್ಮತೆಯಲ್ಲಿ ನೋಡುತ್ತದೆ. ಅದೇ ದಾರಿಗೆ ಅದು ಮರಳುವುದು ಆಗ ಆರು ದಿನಕ್ಕೊಮ್ಮೆ. ಅದರ ಚಿತ್ರದಲ್ಲಿ ಮೀನುಗಾರಿಕಾ ಬೋಟು ಒಂದೆರಡು ಹೊಳೆಯುವ ಚುಕ್ಕಿಗಳಷ್ಟೇ. ಋತುವಿನ ನಡುಮಧ್ಯದಲ್ಲಿ ಕೊಂಕಣ ಕರಾವಳಿಯಾಚೆ ಅಂಥ ಚುಕ್ಕಿಗಳು ನೂರಾರು ಇರುತ್ತವೆ, ಯಾವುದರ ಮೇಲೂ ಹೆಸರು ಬರೆದಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಬೋಟು ಒಮ್ಮೆ ನೀರಿನಡಿ ಹೋದರೆ ಬೆಳಕೂ ರಾಡಾರ್ ಅಲೆಯೂ ಅಲ್ಲಿಗೆ ತಲುಪುವುದಿಲ್ಲ. ಉಪ್ಪುನೀರು ರೇಡಿಯೋ ಅಲೆಯನ್ನು ಮೇಲ್ಮೈಯಲ್ಲೇ ನುಂಗಿಬಿಡುತ್ತದೆ. 33 ಮಾರು ಆಳದಲ್ಲಿ ಕೆಲಸ ಮಾಡುವುದು ಸದ್ದು ಒಂದೇ, ಅಂದರೆ ಸೋನಾರ್. ಸೋನಾರ್ ಎಳೆಯುವ ಹಡಗು ಆಯಾ ಜಾಗಕ್ಕೇ ಹೋಗಬೇಕು, ಸಾಲುಸಾಲಾಗಿ ಉಳುಮೆ ಮಾಡಿದಂತೆ ಸಾಗಬೇಕು. ಆದ್ದರಿಂದ ಡಿಸೆಂಬರ್ ಕೊನೆಯಲ್ಲಿ ‘ಉಪಗ್ರಹದಿಂದ ಹುಡುಕಿ’ ಎಂದು ಕೇಳಿದಾಗಲೇ ಆ ದಾರಿ ಬಹುಪಾಲು ಮುಚ್ಚಿಹೋಗಿತ್ತು. ಇದನ್ನು ಆಗಲೇ ಯಾರಾದರೂ ದಕ್ಕೆಯಲ್ಲಿ ನಿಂತು ಸ್ಪಷ್ಟವಾಗಿ ಹೇಳಬೇಕಿತ್ತು. ಹೇಳದೆ ಹೋದದ್ದರಿಂದ ‘ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ’ ಎಂಬ ಸಂಶಯ ಬೆಳೆಯಿತು, ಕುಟುಂಬಗಳು ಆ ಸಂಶಯದ ಜೊತೆಗೇ ತಿಂಗಳುಗಟ್ಟಲೆ ಕಳೆದವು.

ಕೊನೆಯ ಸ್ಥಾನದ ಲೆಕ್ಕ

ಸಮುದ್ರದಲ್ಲಿ ಉಪಗ್ರಹ ನಿಜವಾಗಿ ಉಪಯೋಗಕ್ಕೆ ಬರುವುದು ಕೇಳಿಸಿಕೊಳ್ಳಲಿಕ್ಕೆ. ಬೋಟು ತನ್ನ ಸ್ಥಾನವನ್ನು ತಾನೇ ಹೇಳುತ್ತಿದ್ದರೆ ಹುಡುಕಾಟದ ವಿಸ್ತಾರ ಎಷ್ಟು ಕುಗ್ಗುತ್ತದೆಂದು ಲೆಕ್ಕ ಹಾಕಿ ನೋಡಬಹುದು.

ಆಳಸಮುದ್ರ ಬೋಟಿನ ವೇಗ 8 ನಾಟ್, ಅಂದರೆ ಗಂಟೆಗೆ 8 ನಾಟಿಕಲ್ ಮೈಲು, ಎಂದಿಟ್ಟುಕೊಳ್ಳೋಣ. ಕೊನೆಯ ಬಾರಿ ಸ್ಥಾನ ತಿಳಿದು 24 ಗಂಟೆ ಕಳೆದಿದ್ದರೆ ಅದು 192 ನಾಟಿಕಲ್ ಮೈಲು ತ್ರಿಜ್ಯದ ವೃತ್ತದೊಳಗೆ ಎಲ್ಲಾದರೂ ಇರಬಹುದು. ಆ ವೃತ್ತದ ವಿಸ್ತೀರ್ಣ ಸುಮಾರು 1,15,800 ಚದರ ನಾಟಿಕಲ್ ಮೈಲು, ಅಂದರೆ 4 ಲಕ್ಷ ಚದರ ಕಿ.ಮೀ.ಗೆ ಹತ್ತಿರ. ಅರ್ಧ ಭಾಗ ನೆಲ ಎಂದು ಬಿಟ್ಟರೂ 2 ಲಕ್ಷ ಚದರ ಕಿ.ಮೀ. ಸಮುದ್ರ ಉಳಿಯುತ್ತದೆ. ಹತ್ತು ಕಿ.ಮೀ. ಉದ್ದಗಲದ ಕಾರ್ಟೋಸ್ಯಾಟ್ ಚಿತ್ರಗಳಲ್ಲಿ ಹೇಳುವುದಾದರೆ ಎರಡು ಸಾವಿರ ಚಿತ್ರ. ಗಂಟೆಗೊಮ್ಮೆ ಸ್ಥಾನ ವರದಿಯಾಗುತ್ತಿದ್ದರೆ ತ್ರಿಜ್ಯ 8 ಮೈಲಿಗೆ ಇಳಿಯುತ್ತದೆ, ವಿಸ್ತೀರ್ಣ 201 ಚದರ ಮೈಲಿಗೆ. ಕಾಲು ಗಂಟೆಗೊಮ್ಮೆಯಾದರೆ ತ್ರಿಜ್ಯ 2 ಮೈಲು, ವಿಸ್ತೀರ್ಣ ಹನ್ನೆರಡೂವರೆ ಚದರ ಮೈಲು. ಡೋರ್ನಿಯರ್ ವಿಮಾನವೊಂದು ಇಷ್ಟು ಜಾಗವನ್ನು ನಿಮಿಷಗಳಲ್ಲಿ ಸೋಸಿಬಿಡುತ್ತದೆ. ವರದಿಯ ಅಂತರ ನಾಲ್ಕು ಪಟ್ಟು ಕಡಿಮೆಯಾದರೆ ಹುಡುಕುವ ಜಾಗ ಹದಿನಾರು ಪಟ್ಟು ಕಡಿಮೆಯಾಗುತ್ತದೆ. ಟ್ರಾನ್ಸ್‌ಪಾಂಡರ್ (ಬೋಟಿನ ಸ್ಥಾನವನ್ನು ತಾನಾಗಿ ಉಪಗ್ರಹಕ್ಕೆ ಕಳಿಸುವ ಪೆಟ್ಟಿಗೆ) ಖರೀದಿಯಲ್ಲಿ ಮೊದಲು ಕೇಳಬೇಕಾದ ಸಂಖ್ಯೆ ಅದರ ಬೆಲೆಗಿಂತಲೂ ಈ ಅಂತರ.

ನೀರಿಗೆ ಬಿದ್ದವರನ್ನು ಹುಡುಕುವುದಕ್ಕೂ ಇದೇ ಆಧಾರ. ಸಾಗರ ಮಾಹಿತಿ ಒದಗಿಸುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ‘ಸಾರಾಟ್’ ಎಂಬ ತಂತ್ರಾಂಶ ಗಾಳಿ, ಪ್ರವಾಹಗಳ ಮಾಹಿತಿ ಹಿಡಿದು ತೇಲುತ್ತಿರುವ ವ್ಯಕ್ತಿ ಅಥವಾ ವಸ್ತು ಎತ್ತ ಸಾಗಿರಬಹುದೆಂದು ಲೆಕ್ಕ ಹಾಕಿ ಕೊಡುತ್ತದೆ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಪ್ರವಾಹ ಉತ್ತರದತ್ತ ಹರಿಯುತ್ತದೆ. ಅರ್ಧ ನಾಟ್ ವೇಗವಿದ್ದರೂ ದಿನಕ್ಕೆ 12 ನಾಟಿಕಲ್ ಮೈಲು. ಸಾರಾಟ್‌ಗೆ ಕೊಡಬೇಕಾದ ಮೊದಲ ಎರಡು ಸಂಗತಿಗಳು ಕೊನೆಯ ಸ್ಥಾನ ಮತ್ತು ಸಮಯ. ಅವೆರಡೂ ಇಲ್ಲದಿದ್ದರೆ ಎಷ್ಟು ಒಳ್ಳೆಯ ಮಾದರಿಯೂ ಕೈಚೆಲ್ಲುತ್ತದೆ.

ಆಳಸಮುದ್ರ ಬೋಟುಗಳ ಸುತ್ತು ಹತ್ತು ದಿನದ ಆಸುಪಾಸಿನದ್ದು. ಇಷ್ಟು ದಿನ ಬೋಟು ಮನೆಗೆ ಮರಳದಿರುವುದು ಸಹಜ, ಆದ್ದರಿಂದ ದಡದಲ್ಲಿ ಯಾರಿಗೂ ಗಾಬರಿಯಾಗುವುದಿಲ್ಲ. ಜೊತೆಯ ಬೋಟಿನ ತಾಂಡೇಲ (ಬೋಟು ನಡೆಸುವ ಮುಖ್ಯಸ್ಥ) ವೈರ್‌ಲೆಸ್‌ನಲ್ಲಿ ಕೂಗಿ ಉತ್ತರ ಬಾರದಿದ್ದರೂ ‘ಸೆಟ್ ಆಫ್ ಮಾಡಿರಬೇಕು, ರೇಂಜ್ ಆಚೆ ಹೋಗಿರಬೇಕು’ ಎಂದುಕೊಳ್ಳುವುದೇ ರೂಢಿ. ಮೌನವನ್ನು ಅಪಾಯದ ಸೂಚನೆಯೆಂದು ಓದುವ ವ್ಯವಸ್ಥೆ ಆಗ ಇರಲಿಲ್ಲ.

2018ರಲ್ಲಿ ಬೋಟಿನ ಮೇಲೆ ಏನು ಇಡಬಹುದಿತ್ತು

ವಿಎಚ್‌ಎಫ್ ವೈರ್‌ಲೆಸ್ ಮತ್ತು ಹಡಗುಗಳ ಗುರುತು ಪ್ರಸಾರ ಮಾಡುವ ಎಐಎಸ್, ಎರಡೂ ನೇರದೃಷ್ಟಿಯ ರೇಡಿಯೋ. ಅವುಗಳ ವ್ಯಾಪ್ತಿಯ ಸೂತ್ರ ಸರಳ: ಎರಡೂ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ವರ್ಗಮೂಲಗಳನ್ನು ಕೂಡಿಸಿ, 4.12ರಿಂದ ಗುಣಿಸಿದರೆ ಕಿ.ಮೀ. ಸಿಗುತ್ತದೆ. ಬೋಟಿನ ಆಂಟೆನಾ 6 ಮೀಟರ್, ದಡದ ಗೋಪುರ 60 ಮೀಟರ್ ಎಂದರೆ ಸುಮಾರು 42 ಕಿ.ಮೀ. ಅದರಾಚೆಗೆ ಭೂಮಿಯ ಬಾಗೇ ಅಡ್ಡ ಬರುತ್ತದೆ. ಎರಡು ಬೋಟುಗಳ ನಡುವೆಯಾದರೆ 20 ಕಿ.ಮೀ. ಅಷ್ಟೇ. ನಮ್ಮ ಬೋಟುಗಳು ಗೋವಾ, ಮಹಾರಾಷ್ಟ್ರದಾಚೆ 40-50 ಮೈಲು ಹೊರಗೆ ಬಲೆ ಎಳೆಯುವಾಗ ದಡಕ್ಕೆ ಕೇಳಿಸುವ ಸಾಧ್ಯತೆ ತೀರಾ ಕಡಿಮೆ.

ಹಾಗಾದರೆ ಉಪಗ್ರಹ ಫೋನ್? ಇಲ್ಲಿ ರಾಜಕೀಯ ಅಡ್ಡ ನಿಲ್ಲುತ್ತದೆ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ಅಪಹರಿಸಿದ ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕಾ ಬೋಟಿನಲ್ಲಿ. ಅವರ ಕೈಯಲ್ಲಿ ಉಪಗ್ರಹ ಫೋನ್ ಇತ್ತು. ಥುರಾಯಾ, ಇರಿಡಿಯಂ ಫೋನ್‌ಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಸಮುದ್ರದಲ್ಲಿ ಅಂಥ ಫೋನ್ ಸಿಕ್ಕರೆ ಮೀನುಗಾರ ಮೊದಲು ಶಂಕಿತನಾಗುತ್ತಾನೆ. ಆ ದಾಳಿಯ ನಂತರವೇ ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ, ಬೋಟುಗಳಿಗೆ ಏಕರೂಪದ ನೋಂದಣಿ ಮತ್ತು ಬಣ್ಣ, 20 ಮೀಟರಿಗಿಂತ ಉದ್ದದವಕ್ಕೆ ಎಐಎಸ್ ಎಲ್ಲ ಬಂದವು. ರಿಸ್ಯಾಟ್-2 ಎಂಬ ರಾಡಾರ್ ಉಪಗ್ರಹವನ್ನು ಇಸ್ರೇಲಿನ ಉಪಕರಣದೊಂದಿಗೆ ತರಾತುರಿಯಲ್ಲಿ 2009ರ ಏಪ್ರಿಲ್‌ನಲ್ಲಿ ಹಾರಿಸಿದ್ದೂ ಇದೇ ಹಿನ್ನೆಲೆಯಲ್ಲಿ. ಬೋಟನ್ನು ‘ಯಾರು’ ಎಂದು ಕೇಳುವ ಏರ್ಪಾಡಿಗೆ ದೇಶ ಬೇಗ ಹಣ ಕೊಟ್ಟಿತು. ಬೋಟು ‘ಕಾಪಾಡಿ’ ಎಂದರೆ ಕೇಳಿಸಿಕೊಳ್ಳುವ ಏರ್ಪಾಡು ನಿಧಾನಕ್ಕೆ ಬಂತು. ಭದ್ರತೆಯ ಕಾಳಜಿ ಸುಳ್ಳಲ್ಲ. ಆದರೆ ಒಂದೇ ಟರ್ಮಿನಲ್ ಎರಡೂ ಕೆಲಸ ಮಾಡಬಹುದಿತ್ತು ಎಂಬುದೂ ನಿಜ.

ಇಸ್ರೋ ರೂಪಿಸಿದ ಅಪಾಯ ಸೂಚಕ ಯಂತ್ರ, ದಕ್ಕೆಯಲ್ಲಿ ‘ಡಾಟ್’ ಎನ್ನುವುದು, 2010ರಿಂದಲೇ ಬಳಕೆಯಲ್ಲಿದೆ. ಬೆಂಕಿ, ಬೋಟು ಮುಳುಗುವುದು, ಆಳು ನೀರಿಗೆ ಬಿದ್ದದ್ದು, ವೈದ್ಯಕೀಯ ನೆರವು ಎಂಬ ಗುಂಡಿಗಳಲ್ಲಿ ಒಂದನ್ನು ಒತ್ತಿದರೆ, ಬೋಟಿನ ಗುರುತು ಮತ್ತು ಸ್ಥಾನ ಯುಎಚ್‌ಎಫ್ ತರಂಗದಲ್ಲಿ ಇನ್ಸಾಟ್ ಸರಣಿಯ ಉಪಗ್ರಹದ ಮೂಲಕ ಬೆಂಗಳೂರಿನ ನಿಯಂತ್ರಣ ಕೇಂದ್ರ ತಲುಪುತ್ತದೆ, ಅಲ್ಲಿಂದ ತಟರಕ್ಷಕ ಪಡೆಗೆ. ಹಳೆಯ ಡಾಟ್‌ನ ಕೊರತೆ ಎರಡು. ಸಂದೇಶ ತಲುಪಿತೋ ಇಲ್ಲವೋ ಬೋಟಿನವರಿಗೆ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಇಸ್ರೋ ಪ್ರಕಟಿಸಿದ ಎರಡನೇ ತಲೆಮಾರಿನ ಡಾಟ್‌ನಲ್ಲಿ ದಡದಿಂದ ಮರು ಉತ್ತರ ಬರುತ್ತದೆ, ಆ ಕೊರತೆ ನೀಗಿತು. ಇನ್ನೊಂದು ಕೊರತೆ ಹಾಗೇ ಉಳಿದಿದೆ: ಒತ್ತಲು ಒಂದು ಕೈ ಬೇಕು. ನಡುರಾತ್ರಿ, ಕಲಾಸಿಗಳು ಕ್ಯಾಬಿನ್ನಿನಡಿ ಮಲಗಿರುವಾಗ, ಎರಡು ನಿಮಿಷದಲ್ಲಿ ಬೋಟು ಮಗುಚಿದರೆ ಯಾರೂ ಗೋಡೆಯಲ್ಲಿರುವ ಡಬ್ಬಿಯತ್ತ ಹೋಗುವುದಿಲ್ಲ, ಹೋಗಬೇಕೆಂದು ನಿರೀಕ್ಷಿಸುವುದೂ ತಪ್ಪು.

ಜಿಸ್ಯಾಟ್-6 ಮಲ್ಪೆಯ ಕೆಲಸಕ್ಕೆ ಬಂದ ದಾರಿ

ಗುಂಡಿ ಒತ್ತದೆಯೂ ತಾನಾಗಿ ವರದಿ ಮಾಡುವ, ಎರಡೂ ದಿಕ್ಕಿನಲ್ಲಿ ಸಂದೇಶ ಕೊಂಡೊಯ್ಯುವ ಸಣ್ಣ ಟರ್ಮಿನಲ್‌ಗೆ ಎಸ್-ಬ್ಯಾಂಡ್ ಎಂಬ ಶ್ರೇಣಿಯ ರೇಡಿಯೋ ತರಂಗಗಳು ಹೇಳಿಮಾಡಿಸಿದವು. ಮಳೆಯಿಂದ ಅವು ಹೆಚ್ಚು ಸೊರಗುವುದಿಲ್ಲ, ಆಂಟೆನಾ ಉಪಗ್ರಹದತ್ತಲೇ ಗುರಿಯಿಟ್ಟು ತಿರುಗಬೇಕಾಗಿಲ್ಲ. ಆದರೆ ಟರ್ಮಿನಲ್ ಸಣ್ಣದಾದಷ್ಟೂ ಮೇಲಿನ ಆಂಟೆನಾ ದೊಡ್ಡದಿರಬೇಕು. 2015ರ ಆಗಸ್ಟ್ 27ರಂದು ಹಾರಿದ ಇಸ್ರೋದ ಸಂಪರ್ಕ ಉಪಗ್ರಹ ಜಿಸ್ಯಾಟ್-6 ಕಕ್ಷೆಯಲ್ಲಿ ಬಿಚ್ಚಿಕೊಂಡದ್ದು 6 ಮೀಟರ್ ವ್ಯಾಸದ, ಜಾಲರಿಯಂಥ ಮಡಚುವ ಆಂಟೆನಾ. ದೇಶವನ್ನು ಐದು ಕಿರಣಗಳಲ್ಲಿ ಅದು ಹೊದೆಯುತ್ತದೆ.

ಈ ಉಪಗ್ರಹ ಮೀನುಗಾರರಿಗಾಗಿ ಹುಟ್ಟಿದ್ದಲ್ಲ. 2005ರ ಜನವರಿಯಲ್ಲಿ ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್, ದೇವಾಸ್ ಮಲ್ಟಿಮೀಡಿಯಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಜಿಸ್ಯಾಟ್-6 ಮತ್ತು 6ಎ ಉಪಗ್ರಹಗಳ ಸಾಮರ್ಥ್ಯದ ಶೇ 90ರಷ್ಟು ಆ ಕಂಪನಿಗೆ ಗುತ್ತಿಗೆ, ಮೊಬೈಲ್‌ಗಳಿಗೆ ವಿಡಿಯೋ ಮತ್ತು ಬ್ರಾಡ್‌ಬ್ಯಾಂಡ್ ಕೊಡುವುದಕ್ಕೆ. ತರಂಗಾಂತರವನ್ನು ಅಗ್ಗಕ್ಕೆ ಕೊಡಲಾಗಿದೆ ಎಂಬ ಆರೋಪ ಎದ್ದು, 2011ರ ಫೆಬ್ರುವರಿಯಲ್ಲಿ ಆಗಿನ ಯುಪಿಎ ಸರ್ಕಾರ ದೇಶದ ಆಯಕಟ್ಟಿನ ಅಗತ್ಯಗಳ ಕಾರಣ ಕೊಟ್ಟು ಅದನ್ನು ರದ್ದು ಮಾಡಿತು. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ ದೇವಾಸ್ ಪರ 56.25 ಕೋಟಿ ಡಾಲರ್ ಪರಿಹಾರ ಘೋಷಿಸಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್, ಕಂಪನಿಯನ್ನು ವಂಚನೆಯ ಆಧಾರದ ಮೇಲೆ ಮುಚ್ಚುವ ಆದೇಶ ಎತ್ತಿಹಿಡಿಯಿತು. ಎರಡು ಪಕ್ಷಗಳ ಸರ್ಕಾರಗಳು ಈ ಜಗಳವನ್ನು ಪರಸ್ಪರರ ವಿರುದ್ಧ ಬಳಸಿಕೊಂಡಿವೆ. ಗದ್ದಲದಡಿ ಒಂದು ಫಲ ಮರೆತುಹೋಗುತ್ತದೆ: ಒಪ್ಪಂದ ಬಿದ್ದದ್ದರಿಂದ ಎಸ್-ಬ್ಯಾಂಡ್ ಸಾಮರ್ಥ್ಯ ಸರ್ಕಾರದ ಕೈಯಲ್ಲೇ ಉಳಿಯಿತು. ಇಂದು ರೈಲು ಎಂಜಿನ್‌ಗಳ ಸ್ಥಾನ ತಿಳಿಸುವುದಕ್ಕೂ, ಮೀನುಗಾರಿಕಾ ಬೋಟುಗಳ ಟ್ರಾನ್ಸ್‌ಪಾಂಡರ್‌ಗೂ ಬಳಕೆಯಾಗುತ್ತಿರುವುದು ಅದೇ ಸಾಮರ್ಥ್ಯ. (ಆಂಟ್ರಿಕ್ಸ್ ಸ್ಥಾಪನೆಯಾದದ್ದು 1992ರಲ್ಲಿ, ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ. ಉಪಗ್ರಹ ಜನಸಾಮಾನ್ಯರ ಕೆಲಸಕ್ಕೆ ಬರಬೇಕೆಂದು ಜೀವಮಾನವಿಡೀ ದುಡಿದವರು ಅವರು.)

ಜೋಡಿಯ ಇನ್ನೊಂದು, ಜಿಸ್ಯಾಟ್-6ಎ, 2018ರ ಮಾರ್ಚ್ 29ರಂದು ಹಾರಿ, ಕಕ್ಷೆ ಏರಿಸಲು ಎಂಜಿನ್ ಎರಡನೇ ಬಾರಿ ಉರಿಸಿದ ನಂತರ ಸಂಪರ್ಕ ಕಡಿದುಕೊಂಡಿತು. ಮಲ್ಪೆಯ ಬೋಟು ಕಾಣೆಯಾಗುವುದಕ್ಕೆ ಎಂಟೂವರೆ ತಿಂಗಳ ಹಿಂದಿನ ಮಾತು. ಜಿಸ್ಯಾಟ್-6ಕ್ಕೆ ನಿಗದಿಯಾಗಿದ್ದ ಆಯುಷ್ಯ ಒಂಬತ್ತು ವರ್ಷ. ಅದು 2024ಕ್ಕೇ ತುಂಬಿದೆ. ನಿಗದಿತ ಆಯುಷ್ಯ ಮೀರಿ ದುಡಿಯುವ ಉಪಗ್ರಹಗಳು ಹಲವಿವೆ, ನಿಜ. ಆದರೂ ಲಕ್ಷ ಬೋಟುಗಳ ಟ್ರಾನ್ಸ್‌ಪಾಂಡರ್ ಪೆಟ್ಟಿಗೆಗಳನ್ನು ವಯಸ್ಸಾದ ಒಂದೇ ಉಪಗ್ರಹಕ್ಕೆ ಕಟ್ಟುವುದು ಅಪಾಯದ ಹೆಜ್ಜೆ. ಪೆಟ್ಟಿಗೆ ಹಂಚುವ ಸಮಾರಂಭದಷ್ಟೇ ಉತ್ಸಾಹದಿಂದ ಬದಲಿ ಉಪಗ್ರಹದ ದಿನಾಂಕವನ್ನು ಸಂಸದರು ಕೇಳಬೇಕು.

ಸ್ಥಾನ ತಿಳಿಯುವ ಕೆಲಸದಲ್ಲೂ ಇಂಥದೇ ಚಿಂತೆ. ಭಾರತದ್ದೇ ಸ್ಥಾನಸೂಚಕ ಉಪಗ್ರಹ ಜಾಲವಾದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹಗಳಲ್ಲಿದ್ದ ಆಮದು ರುಬಿಡಿಯಂ ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. 2023ರ ಮೇ 29ರಂದು ಸ್ವದೇಶಿ ಗಡಿಯಾರದೊಂದಿಗೆ ಎನ್‌ವಿಎಸ್-01 ಯಶಸ್ವಿಯಾಗಿ ಸೇರಿತು. 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02 ಮಾತ್ರ ಕವಾಟ ತೆರೆಯದೆ ಉದ್ದೇಶಿತ ಕಕ್ಷೆ ತಲುಪಲಿಲ್ಲ. ಹೀಗಾಗಿ ಬೋಟಿನ ಸ್ಥಾನಕ್ಕೆ ಅಮೆರಿಕದ ಜಿಪಿಎಸ್ ಆಸರೆ ಈಗಲೂ ಬೇಕು.

ಪೆಟ್ಟಿಗೆ ಬೋಟಿಗೆ ಬಂದ ಮೇಲೆ

2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಟ್ರಾನ್ಸ್‌ಪಾಂಡರ್ ಯೋಜನೆಯ ಗುರಿ 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಬೋಟುಗಳು, ವೆಚ್ಚ 364 ಕೋಟಿ ರೂಪಾಯಿ. ಸರಾಸರಿ ಬೋಟಿಗೆ 36,400 ರೂಪಾಯಿ. ಮೀನುಗಾರರಿಗೆ ಉಚಿತ. ಪೆಟ್ಟಿಗೆಯನ್ನು ಬ್ಲೂಟೂತ್ ಮೂಲಕ ಮೊಬೈಲಿನ ‘ನಭಮಿತ್ರ’ ಆ್ಯಪ್‌ಗೆ ಜೋಡಿಸಿದರೆ ದಡಕ್ಕೆ ಚಿಕ್ಕ ಸಂದೇಶ ಕಳಿಸಬಹುದು, ಚಂಡಮಾರುತದ ಎಚ್ಚರಿಕೆ ಮತ್ತು ಮೀನು ಸಿಗಬಹುದಾದ ವಲಯದ ಮಾಹಿತಿ ಪಡೆಯಬಹುದು. 2017ರ ಓಖಿ ಚಂಡಮಾರುತದಲ್ಲಿ ಆಗಲೇ ಹೊರಟುಹೋಗಿದ್ದ ಬೋಟುಗಳಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ಅರ್ಥವಾಗುತ್ತದೆ.

ಕೆಡುವುದು ಹೆಚ್ಚಾಗಿ ಬೋಟಿನ ಮೇಲೆಯೇ, ಆಕಾಶದಲ್ಲಲ್ಲ. ಮಲ್ಪೆಯಿಂದ ನೋಡಿದರೆ 83 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-6 ಇರುವುದು ಆಗ್ನೇಯದಲ್ಲಿ, ದಿಗಂತದಿಂದ ಸುಮಾರು 72 ಡಿಗ್ರಿ ಎತ್ತರದಲ್ಲಿ, ಬಹುತೇಕ ನೆತ್ತಿಯ ಮೇಲೆ. ಬೋಟು 20 ಡಿಗ್ರಿ ವಾಲಿದರೂ ಸಂಪರ್ಕ ತಪ್ಪಬಾರದು. ಆದ್ದರಿಂದ ಪೆಟ್ಟಿಗೆಯನ್ನು ಪಕ್ಕದ ಗೋಡೆಗೆ ಬಡಿಯದೆ ಕ್ಯಾಬಿನ್ನಿನ ಮಾಡಿನ ಮೇಲೆ, ಆಕಾಶ ತೆರೆದಿರುವಲ್ಲಿ ಕೂರಿಸಬೇಕು. ಮೇಲೆ ತಗಡು, ಒಣಗಲು ಹಾಕಿದ ಬಲೆ, ಬಲ್ಬಿನ ಕಂಬಿ ಬರಬಾರದು. ರಾಡಾರ್ ಇದ್ದರೆ ಅದರ ತಿರುಗುವ ಪಟ್ಟಿಯ ಮಟ್ಟದಲ್ಲಿ ಇಡಬಾರದು. ಮಳೆಗಾಲದ ರಜೆಯಲ್ಲಿ ಬೋಟಿಗೆ ಬಣ್ಣ ಹೊಡೆಯುವವರು ಪೆಟ್ಟಿಗೆಯ ಮುಚ್ಚಳಕ್ಕೂ ಬಳಿಯುತ್ತಾರೆ. ಬೆಳ್ಳಿಬಣ್ಣದಲ್ಲಿ ಅಲ್ಯುಮಿನಿಯಂ ಪುಡಿ ಇರುವುದರಿಂದ ತರಂಗ ಒಳಗೇ ಸೊರಗುತ್ತದೆ.

ವಿದ್ಯುತ್ ಸಂಪರ್ಕದಲ್ಲಿ ಎಡವುವವರು ಇನ್ನೂ ಹೆಚ್ಚು. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೇ ತಂತಿ ಎಳೆದರೆ, ಪ್ರತಿ ಬಾರಿ ಸ್ಟಾರ್ಟರ್ ತಿರುಗಿದಾಗ ವೋಲ್ಟೇಜ್ ಕುಸಿದು ಯಂತ್ರ ನಿಂತು ಮತ್ತೆ ಏಳುತ್ತದೆ. ಬೇರೆ ಫ್ಯೂಸ್ ಇರುವ, ಮಧ್ಯೆ ಸ್ವಿಚ್ ಇಲ್ಲದ ಸಂಪರ್ಕ ಕೊಡಬೇಕು. ಜೋಡಣೆಯನ್ನು ಬರಿಯ ಟೇಪ್ ಸುತ್ತಿ ಬಿಟ್ಟರೆ ಉಪ್ಪುಗಾಳಿಗೆ ತಾಮ್ರ ಹಸಿರಾಗಿ ಒಂದೇ ಋತುವಿನಲ್ಲಿ ಬಿಡುತ್ತದೆ. ತವರ ಲೇಪಿಸಿದ ತಂತಿ, ಬೆಸುಗೆ, ಅದರ ಮೇಲೆ ಅಂಟುಳ್ಳ ಕುಗ್ಗುವ ಕೊಳವೆ ಬೇಕು. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬ್ಯಾಟರಿಗಳು ಇರುವುದು ಎಂಜಿನ್ ಕೋಣೆಯ ತಳದಲ್ಲಿ, ನೀರು ಮೊದಲು ನುಗ್ಗುವುದೂ ಅಲ್ಲಿಗೇ. ಬೋಟು ಇನ್ನೂ ತೇಲುತ್ತಿರುವಾಗಲೇ ಕರೆಂಟು ಹೋಗಿರುತ್ತದೆ. ಪೆಟ್ಟಿಗೆಯ ಒಳಬ್ಯಾಟರಿ ಸರಿಯಿದೆಯೇ ಎಂದು ಹೊರಸಂಪರ್ಕ ತಪ್ಪಿಸಿ ಒಂದು ರಾತ್ರಿ ಓಡಿಸಿ ನೋಡದೆ ಋತುವಿಗೆ ಇಳಿಯಬಾರದು.

ಕಾಗದಪತ್ರದ ದೋಷವೂ ಜೀವ ತೆಗೆಯಬಹುದು. ಪೆಟ್ಟಿಗೆಯ ಗುರುತಿನ ಸಂಖ್ಯೆ ಬೋಟಿನ ನೋಂದಣಿಗೆ ಅಂಟಿಕೊಂಡಿರುತ್ತದೆ. ಬೋಟು ಕೈ ಬದಲಾಗಿ, ಹೊಸ ಮಾಲೀಕರ ಫೋನ್ ನಂಬರ್ ದಾಖಲಾಗದಿದ್ದರೆ, ಅಪಾಯದ ಕರೆ ಬಂದಾಗ ನಿಯಂತ್ರಣ ಕೊಠಡಿ ಹಳೆಯ ಮಾಲೀಕರಿಗೆ ಫೋನ್ ಮಾಡುತ್ತದೆ, ಅವರು ‘ನನ್ನ ಬೋಟು ಇಲ್ಲ’ ಎನ್ನುತ್ತಾರೆ, ಕರೆ ಸುಳ್ಳೆಂದು ಬದಿಗೆ ಬೀಳುತ್ತದೆ. ತೊಳೆಯುವಾಗ, ರಿಪೇರಿಯಲ್ಲಿ ಕೈತಪ್ಪಿ ಒತ್ತಿದ ಸುಳ್ಳು ಕರೆಗಳೂ ಕಡಿಮೆಯೇನಲ್ಲ. ತಪ್ಪಿ ಒತ್ತಿದರೆ ಹೆದರಿ ಸುಮ್ಮನಾಗದೆ ತಟರಕ್ಷಕ ಪಡೆಯ 1554ಕ್ಕೆ ಅಥವಾ ಕರಾವಳಿ ಪೊಲೀಸರ 1093ಕ್ಕೆ ತಿಳಿಸಬೇಕು.

ಯಾರ ಕೈಗೆ ಯಾರ ಸ್ಥಾನ

ದಕ್ಕೆಯಲ್ಲಿ ಪೆಟ್ಟಿಗೆಯ ಬಗ್ಗೆ ಇರುವ ಹಿಂಜರಿಕೆ ಅಜ್ಞಾನದ್ದಲ್ಲ. ಯಾವ ಜಾಗದಲ್ಲಿ ಬಂಗುಡೆ, ಬೊಂಡಾಸ್ ಸಿಗುತ್ತದೆಂಬುದು ತಾಂಡೇಲನ ಅನುಭವದ ಆಸ್ತಿ. ಅದು ಸೋರಿದರೆ ಅವನ ಬೆಲೆಯೇ ಹೋಯಿತು. 2017ರಲ್ಲಿ ನಿಷೇಧವಾದ ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ಮತ್ತು ಬೆಳಕು ಹಾಕಿ ಹಿಡಿಯುವ ಮೀನುಗಾರಿಕೆಯ ಮೇಲೆ ಕಣ್ಣಿಡಲು ಇದೇ ದಾಖಲೆ ಬಳಸುತ್ತಾರೆಂಬ ಭಯವೂ ಇದೆ. ಇದರ ಇನ್ನೊಂದು ಮಗ್ಗುಲು ತಾಂಡೇಲನಿಗೆ ಅನುಕೂಲ. ರಾಜ್ಯಗಳ ಅಧಿಕಾರ 12 ನಾಟಿಕಲ್ ಮೈಲು, ಸುಮಾರು 22 ಕಿ.ಮೀ. ತನಕ. ಗೋವಾ, ಮಹಾರಾಷ್ಟ್ರದವರು ನಮ್ಮ ಬೋಟುಗಳನ್ನು ತಡೆದು ದಂಡ ಹಾಕಿದ ಸಂದರ್ಭಗಳು ಹಲವು. ಆಗ ‘ಗೆರೆಯಾಚೆಗೇ ಇದ್ದೆ’ ಎನ್ನಲು ಈ ದಾಖಲೆಗಿಂತ ಬಲವಾದ ಸಾಕ್ಷಿ ಇಲ್ಲ. ಯಾವ ಇಲಾಖೆಗೆ ಎಷ್ಟು ದಿನದ ದಾಖಲೆ ಕಾಣುತ್ತದೆ, ಮಾಲೀಕನಿಗೆ ತನ್ನ ಬೋಟಿನ ಪ್ರತಿ ಸಿಗುತ್ತದೆಯೇ ಎಂಬುದನ್ನು ಲಿಖಿತವಾಗಿ ಹೇಳಿದರೆ ಅರ್ಧ ವಿರೋಧ ಕರಗುತ್ತದೆ. ಹೇಳದಿದ್ದರೆ ಪೆಟ್ಟಿಗೆಗೆ ಗೋಣಿಚೀಲ ಹೊದಿಸುವವರು ಹೊದಿಸುತ್ತಾರೆ, ಆ ರಾತ್ರಿಯೇ ಅದು ಬೇಕಾಗಿ ಬರಬಹುದು.

ಗಡಿಯ ಪ್ರಶ್ನೆ ರಕ್ಷಣೆಯಲ್ಲೂ ಇದೆ. ಪಣಂಬೂರಿನ ತಟರಕ್ಷಕ ನೆಲೆಯಿಂದ ಮಾಲ್ವಣದ ಕಡಲಿಗೆ 190 ನಾಟಿಕಲ್ ಮೈಲಿಗಿಂತ ಹೆಚ್ಚು ದೂರ, 20 ನಾಟ್ ವೇಗದ ಹಡಗಿಗೂ ಒಂಬತ್ತು-ಹತ್ತು ಗಂಟೆ ಬೇಕು. ಗೋವಾದಿಂದಾದರೆ ಎರಡು-ಮೂರು ಗಂಟೆ. ದೂರು ದಾಖಲಾಗುವುದು ಮಲ್ಪೆಯಲ್ಲಿ, ಹಡಗು ಹೊರಡಬೇಕಾದದ್ದು ಗೋವಾದಿಂದ. ಬೋಟಿನ ಕರೆ ಮೂರೂ ರಾಜ್ಯಗಳ ಮೀನುಗಾರಿಕಾ ಇಲಾಖೆಗೂ ತಟರಕ್ಷಕ ಪಡೆಗೂ ಒಂದೇ ಕ್ಷಣಕ್ಕೆ ಕಾಣಬೇಕು. ನಿಯಂತ್ರಣ ಕೊಠಡಿಯ ತಂತ್ರಾಂಶದಲ್ಲಿ ಇನ್ನೊಂದು ನಿಯಮ ಇರಬೇಕು: ಬಂದರಿನಾಚೆ ಇರುವ ಬೋಟಿನಿಂದ ಸತತ ಮೂರು ವರದಿ ತಪ್ಪಿದರೆ ಕೆಂಪು ಗುರುತು, ಕೂಡಲೇ ಹತ್ತಿರದ ಬೋಟುಗಳಿಗೆ ಸಂದೇಶ. ಬಹುಪಾಲು ಬಾರಿ ಅದು ಫ್ಯೂಸ್ ಹೋದ ಪೆಟ್ಟಿಗೆಯಾಗಿರುತ್ತದೆ. ಹಾಗಿದ್ದರೂ ನಷ್ಟವಿಲ್ಲ, ಕೆಟ್ಟ ಪೆಟ್ಟಿಗೆ ಎಲ್ಲಿದೆಯೆಂದಾದರೂ ತಿಳಿಯಿತು.

ಇಷ್ಟೆಲ್ಲ ಆದರೂ ಮಾಡಿಗೆ ಬೋಲ್ಟ್ ಹಾಕಿದ ಪೆಟ್ಟಿಗೆ ಬೋಟಿನ ಜೊತೆಗೇ ಮುಳುಗುತ್ತದೆ. ದೊಡ್ಡ ಹಡಗುಗಳಲ್ಲಿ ಇದಕ್ಕೆ ಪರಿಹಾರ ದಶಕಗಳಿಂದ ಇದೆ: ತಾನಾಗಿ ಕಳಚಿ ತೇಲುವ 406 ಮೆಗಾಹರ್ಟ್ಜ್ ಸೂಚಕ, ಇಪಿರ್ಬ್. ಇದರ ಹಿಂದಿನ ಕೊಸ್ಪಾಸ್-ಸಾರ್ಸಾಟ್ ವ್ಯವಸ್ಥೆಯನ್ನು ಶೀತಲ ಸಮರದ ನಡುವೆಯೇ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಸೇರಿ ಕಟ್ಟಿದವು. 1982ರಲ್ಲಿ ಅದು ಮೊದಲ ಜೀವಗಳನ್ನು ಉಳಿಸಿತು. ಭಾರತವೂ ಅದರಲ್ಲಿದೆ, ಕೇಂದ್ರ ಬೆಂಗಳೂರಿನಲ್ಲಿ. 74 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ಮಲ್ಪೆಯ ರೇಖಾಂಶದ ಮೇಲೆಯೇ ನಿಂತಿರುವ ಇನ್ಸಾಟ್-3ಡಿಆರ್ ಆ ತರಂಗವನ್ನು ಹಿಡಿಯುವ ಉಪಕರಣ ಹೊತ್ತಿದೆ. ಸೂಚಕದ ಹಿಡಿಕೆಯಲ್ಲಿರುವ ಒತ್ತಡ ಬಿಡುಗಡೆ ಸಾಧನ ಒಂದೂವರೆಯಿಂದ ನಾಲ್ಕು ಮೀಟರ್ ಆಳಕ್ಕೆ ಹೋದಾಗ ಪಟ್ಟಿ ಕತ್ತರಿಸುತ್ತದೆ. ಸೂಚಕ ಮೇಲೆ ತೇಲಿ ಬಂದು ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡ್ ಕಾಲ, 5 ವಾಟ್ ಶಕ್ತಿಯಲ್ಲಿ ಕೂಗುತ್ತದೆ, 48 ಗಂಟೆಗಳ ತನಕ. ಟ್ರಾಲ್‌ಬೋಟಿನಲ್ಲಿ ಅದನ್ನು ಬಲೆ, ಹಗ್ಗ, ಮಾಡಿನ ಅಂಚುಗಳಿಗೆ ಸಿಕ್ಕಿಹಾಕಿಕೊಳ್ಳದಂತೆ, ಕ್ಯಾಬಿನ್ನಿನ ಹೊರಬದಿಯ ತುದಿಯಲ್ಲಿ ಕೂರಿಸಬೇಕು. ಬಿಡುಗಡೆ ಸಾಧನವನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ದಿನಾಂಕ ಅದರ ಮೇಲೆಯೇ ಇರುತ್ತದೆ.

ಇಪಿರ್ಬ್‌ಗೆ ಟ್ರಾನ್ಸ್‌ಪಾಂಡರ್ ಯೋಜನೆಯಲ್ಲೇ ಜಾಗ ಕೊಟ್ಟು, ಮೊದಲು ಹತ್ತು ದಿನದ ಸುತ್ತಿಗೆ ಹೋಗುವ ಆಳಸಮುದ್ರ ಬೋಟುಗಳಿಗೆ, ಆಮೇಲೆ ಉಳಿದವಕ್ಕೆ ಕೊಡಬಹುದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳೆಲ್ಲ ದಡದಲ್ಲೇ ಇರುತ್ತವೆ. ಕೂರಿಸುವುದಕ್ಕೂ, ತಂತಿ ಪರೀಕ್ಷಿಸುವುದಕ್ಕೂ, ನೋಂದಣಿಯ ಫೋನ್ ನಂಬರ್ ಸರಿಪಡಿಸುವುದಕ್ಕೂ ಆ ಎರಡು ತಿಂಗಳು ಸಾಕು. ಆಗಸ್ಟ್‌ನಲ್ಲಿ ಬೋಟು ಇಳಿಸುವ ಮುನ್ನ ಇಲಾಖೆ ತುಂಬಿಸಿಕೊಳ್ಳುವ ತಪಾಸಣೆ ಹಾಳೆಯಲ್ಲಿ ಲೈಫ್ ಜಾಕೆಟ್ಟಿನ ಸಾಲಿನ ಕೆಳಗೆ ಇನ್ನೆರಡು ಸಾಲು ಬರಬೇಕು: ಟ್ರಾನ್ಸ್‌ಪಾಂಡರ್‌ನ ಕೊನೆಯ ವರದಿ ನಿಯಂತ್ರಣ ಕೊಠಡಿಯಲ್ಲಿ ಕಂಡ ಸಮಯ ಮತ್ತು ಬಿಡುಗಡೆ ಸಾಧನದ ಅವಧಿ ಮುಗಿಯುವ ದಿನಾಂಕ.